ಮುನ್ನೂರು ಪದಗಳ ಕಷ್ಟ

ಸ್ಕಾಲರ್‌ಶಿಪ್ ಅರ್ಜಿಯ ಕಾಲ ಬಂತೆಂದರೆ ನಮ್ಮ ಕಾಲೇಜಿನಲ್ಲಿ ಏನಾದರೊಂದು ನಡೆಯದೆ ಇರುವುದಿಲ್ಲ, ಮತ್ತು ಅದು ನಡೆಯುವುದು ಸರಿಯಾಗಿ ನನ್ನ ಮೇಜಿನ ಮುಂದೆಯೇ.

ನಾನು ಬಸವನಗುಡಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಕೆಲವು ವರ್ಷಗಳ ಹಿಂದೆ ಪ್ರಿನ್ಸಿಪಾಲರು ನನ್ನನ್ನು ಕರೆದು, "ಮೇಡಂ, ನೀವು ಹೇಗೂ ಒಂದು ಕಡೆ ಕೂರೋರಲ್ಲ. ಈ ಸ್ಕಾಲರ್‌ಶಿಪ್ ಕೆಲಸಾನೂ ನೀವೇ ನೋಡ್ಕೊಂಡ್ಬಿಡಿ" ಅಂದರು. ಕೂರದವಳಿಗೆ ಓಡಾಟದ ಕೆಲಸ ಕೊಟ್ಟರೆ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದರೋ ಏನೋ. ಅಂದಿನಿಂದ ನನಗೆ ನಿಂತಲ್ಲಿ ನೆಲೆಯಿಲ್ಲ. ಕೊನೆಯ ದಿನಾಂಕ ಹತ್ತಿರ ಬಂದರೆ ಕಾಫಿಗೆ ಸಕ್ಕರೆ ಹಾಕಿದೆನೋ ಇಲ್ಲವೋ ಎಂಬುದೂ ನೆನಪಿರುವುದಿಲ್ಲ.

ಅಂಕಪಟ್ಟಿ, ಆದಾಯ ಪತ್ರ ಇವನ್ನೆಲ್ಲ ಮಕ್ಕಳು ಹೇಗೋ ತರುತ್ತಾರೆ. ಪ್ರಾಣ ಹಿಂಡುವುದು ಪ್ರಬಂಧ. 'ನೀವು ಎದುರಿಸಿದ ಕಷ್ಟ ಮತ್ತು ಅದರಿಂದ ನೀವು ಕಲಿತದ್ದು, ಮುನ್ನೂರು ಪದಗಳಿಗೆ ಮೀರದಂತೆ.' ಕಷ್ಟವನ್ನು ಮುನ್ನೂರು ಪದಕ್ಕೆ ಅಳೆದು ಕೊಡಿ ಎನ್ನುವವರು ಕಷ್ಟ ಕಂಡವರಲ್ಲ ಅಂತ ನನಗೆ ಅನ್ನಿಸುತ್ತದೆ. ಆದರೆ ನನ್ನನ್ನು ಕೇಳುವವರು ಯಾರು?

ಅಭ್ಯಂತರವಿಲ್ಲದ ತಂದೆ

ಮೊದಲ ವರ್ಷ ನನಗೆ ಬಂದ ಪ್ರಬಂಧಗಳನ್ನು ಓದಿ ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಮೊದಲ ಹುಡುಗನ ತಂದೆ ಅವನಿಗೆ ಐದು ವರ್ಷವಿದ್ದಾಗ ತೀರಿಕೊಂಡಿದ್ದರು. ಎರಡನೆಯ ಹುಡುಗಿಯ ತಂದೆಯೂ ಅವಳ ಐದನೆಯ ವಯಸ್ಸಿಗೇ ಹೋಗಿದ್ದರು. ಏಳನೆಯ ಪ್ರಬಂಧಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣೀರು ಆರಿ ಅನುಮಾನ ಶುರುವಾಯಿತು. ಏಳು ಮಕ್ಕಳ ತಂದೆಯರೂ ಮಕ್ಕಳ ಐದನೆಯ ವಯಸ್ಸಿಗೇ, ಅದೇ ವಾಕ್ಯದಲ್ಲಿ ಸತ್ತಿದ್ದರು. ಏಳು ಮನೆಯಲ್ಲೂ ಅಜ್ಜಿ ಒಬ್ಬಳೇ ಹಪ್ಪಳ ಒತ್ತಿ ಓದಿಸಿದ್ದಳು.

ವಿಚಾರಿಸಿದರೆ ವಿಷಯ ಇಷ್ಟೆ. ಕಾಲೇಜಿನ ಪಕ್ಕದ ಬೀದಿಯ ಜೆರಾಕ್ಸ್ ಅಂಗಡಿಯವನು, ಹಿಂದೆ ಯಾರೋ ಬರೆದು ಸ್ಕಾಲರ್‌ಶಿಪ್ ಗಿಟ್ಟಿಸಿದ ಪ್ರಬಂಧವನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡಿದ್ದ. ಯಾರು ಹೋದರೂ ಮೇಲಿನ ಹೆಸರು ಬದಲಾಯಿಸಿ ಅದನ್ನೇ ತೆಗೆದುಕೊಡುತ್ತಿದ್ದ.

ಸಿಟ್ಟಿನಿಂದ ಕೂತಿದ್ದೆ. ಆಗ ಕಿಟಕಿಯ ಹತ್ತಿರ ಒಬ್ಬರು ಬಂದು ನಿಂತರು. ಇಸ್ತ್ರಿ ಮಾಡಿದ ಷರ್ಟು, ಹಣೆಯಲ್ಲಿ ವಿಭೂತಿ.

"ಪೋಷಕರ ಸೈನ್ ಬೇಕು ಅಂದ್ರಂತೆ ಮೇಡಂ. ನಾನು ಅವನ ತಂದೆ."

ಹುಡುಗನ ಹೆಸರು ಕೇಳಿದೆ. ಮೊದಲ ಪ್ರಬಂಧದವನೇ. ನಾನು ಕಾಗದವನ್ನು ಅವರ ಮುಂದೆ ತಳ್ಳಿದೆ. ಅವರು ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದರು. ತಾವು ಸತ್ತ ಸಾಲಿನ ಹತ್ತಿರ ಸ್ವಲ್ಪ ನಿಂತರು. ಆಮೇಲೆ ಮುಂದಕ್ಕೆ ಹೋದರು. ಓದಿ ಮುಗಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಚೆನ್ನಾಗ್ ಬರ್ದಿದಾನೆ ಮೇಡಂ."

"ಅಲ್ರೀ, ನೀವು ತೀರಿಕೊಂಡಿದೀರಿ ಅಂತ ಬರೆದಿದಾನಲ್ರೀ!"

ಅವರು ಜೇಬಿನಿಂದ ಪೆನ್ನು ತೆಗೆದು ಕ್ಯಾಪು ಬಿಚ್ಚಿದರು.

"ಇರ್ಲಿ ಬಿಡಿ ಮೇಡಂ. ಹುಡುಗನಿಗೆ ಒಳ್ಳೇದಾಗೋದಾದ್ರೆ ನನ್ದೇನೂ ಅಭ್ಯಂತರ ಇಲ್ಲ. ಎಲ್ಲಿ ಹಾಕ್ಲಿ ಸೈನು?"

ಕಷ್ಟವೇ ಇಲ್ಲದ ಹುಡುಗಿ

ಅಂದಿನಿಂದ ನಾನೊಂದು ಕಾನೂನು ಮಾಡಿದೆ. ಪ್ರಬಂಧ ಅವರವರದೇ ಇರಬೇಕು, ನನ್ನೆದುರಿಗೆ ಬರೆಯಬೇಕು. ಈ ಕಾನೂನು ನನಗೇ ತಿರುಗಿಬಿದ್ದದ್ದು ಹೋದ ವರ್ಷ.

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಒಬ್ಬಳು ಹುಡುಗಿ ಇದ್ದಳು. ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಅಂಥ ಚುರುಕಿನವಳನ್ನು ಕಂಡಿಲ್ಲ. ತಂದೆ ನಿಜವಾಗಿಯೂ ಇಲ್ಲ. ತಾಯಿ ಗಾಂಧಿ ಬಜಾರಿನಲ್ಲಿ ತರಕಾರಿ ಮಾರುತ್ತಾರೆ, ಮನೆ ಮಾವಳ್ಳಿಯ ಒಂದು ವಠಾರದಲ್ಲಿ. ತಾಯಿ ಮೊದಲೇ ಹೇಳಿಬಿಟ್ಟಿದ್ದರು, ಡಿಗ್ರಿ ತನಕ ಓದಿಸ್ತೀನಿ, ಮುಂದಕ್ಕೆ ನನ್ನ ಕೈಲಾಗಲ್ಲ ಅಂತ. ಒಂದು ಟ್ರಸ್ಟಿನವರು ಎಂ.ಎಸ್ಸಿ.ಯ ಪೂರ್ತಿ ಫೀಸು ಕೊಡುವುದಾಗಿ ಅರ್ಜಿ ಕರೆದಿದ್ದರು. ನಮ್ಮ ಕಾಲೇಜಿಗೆ ಒಂದೇ ಒಂದು. ಅದು ಬಂದರೆ ಎಂ.ಎಸ್ಸಿ., ಬರದಿದ್ದರೆ ಅಮ್ಮನ ಪಕ್ಕದಲ್ಲಿ ಇನ್ನೊಂದು ತಕ್ಕಡಿ. ಈ ಹುಡುಗಿಗೆ ಅದು ಸಿಗಲೇಬೇಕು ಅಂತ ನಾನು ಹಟ ಹಿಡಿದಿದ್ದೆ.

ಕೂರಿಸಿ ಬರೆಸಿದೆ. ಐದೇ ನಿಮಿಷದಲ್ಲಿ ಎದ್ದು ಬಂದು ಕಾಗದ ಕೊಟ್ಟಳು. ಎರಡು ಸಾಲು. 'ನಾನು ಹೇಳಿಕೊಳ್ಳುವಂಥ ಕಷ್ಟವನ್ನು ಎದುರಿಸಿಲ್ಲ. ಆದರೂ ಸ್ಕಾಲರ್‌ಶಿಪ್ ಕೊಡಬೇಕಾಗಿ ವಿನಂತಿ.'

"ಏನೇ ಇದು?"

"ನಿಜಾನೇ ಬರೀಬೇಕು ಅಂದ್ರಲ್ಲ ಮೇಡಂ."

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಓಡಾಡುತ್ತಲೇ ವಿಚಾರಣೆ ಶುರುಮಾಡಿದೆ.

"ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯ?"

"ನಾಲ್ಕಕ್ಕೆ. ಅಮ್ಮನ ಜೊತೆ ಮಾರ್ಕೆಟ್‌ಗೆ ಹೋಗಿ ಮೂಟೆ ತರ್ಬೇಕಲ್ಲ."

"ಆಮೇಲೆ?"

"ಸೊಪ್ಪು ಬಿಡಿಸಿ ಕಟ್ಟು ಕಟ್ತೀನಿ. ಎಂಟೂವರೆ ತನಕ ವ್ಯಾಪಾರ. ಆಮೇಲೆ ಕಾಲೇಜು."

"ಇದು ಕಷ್ಟ ಅಲ್ವೇನೇ?"

ಅವಳು ನಿಜವಾಗಿಯೂ ಯೋಚನೆ ಮಾಡಿದಳು.

"ಅದು ಕೆಲ್ಸ ಮೇಡಂ."

"ಮನೇಲಿ ಎಲ್ಲಿ ಓದ್ತೀಯ?"

"ಒಂದೇ ರೂಮು. ಅಮ್ಮ ಒಲೆ ಹಚ್ಚಿದ್ರೆ ನಾನು ಹೊಸ್ತಿಲ ಮೇಲೆ ಕೂತ್ಕೋತೀನಿ. ಯಾರಾದ್ರೂ ಬಂದ್ರೆ ಎದ್ದು ದಾರಿ ಬಿಡ್ತೀನಿ."

"ಇದು ಕಷ್ಟ!"

"ಅದು ಮನೆ ಮೇಡಂ."

ಈಗ ಹೇಳಿದ್ದನ್ನೇ ಹೇಳಿದ ಹಾಗೇ ಬರೆ ಅಂದೆ. ಅರ್ಧ ಗಂಟೆಯಲ್ಲಿ ಬರೆದು ತಂದಳು. ಓದಿದೆ, ಮತ್ತೊಮ್ಮೆ ಓದಿದೆ. ಒಂದು ಹಲುಬಾಟವಿಲ್ಲ, ಒಂದು ಗೋಳಿಲ್ಲ. ಸೊಪ್ಪಿನ ಕಟ್ಟಿನಲ್ಲಿ ಬರುವ ಕಳೆಗಿಡಗಳನ್ನು ಎಂಟನೆಯ ಕ್ಲಾಸಿನಿಂದ ನೋಟ್‌ಬುಕ್ಕಿನಲ್ಲಿ ಒಣಗಿಸಿ ಅಂಟಿಸಿಕೊಂಡು ಬಂದಿರುವುದಾಗಿ ಕೊನೆಗೆ ಬರೆದಿದ್ದಳು. ಸಸ್ಯಶಾಸ್ತ್ರ ಶುರುವಾದದ್ದು ಅಲ್ಲಿಂದಲಂತೆ.

"ಇದನ್ನ ಮೊದ್ಲೇ ಬರೀಬಾರ್ದಾಗಿತ್ತೇನೇ?" ಅಂತ ಗದರಿದೆ.

"ಮೊದ್ಲು ಕೇಳಿದ್ದು ಕಷ್ಟ ಅಲ್ವಾ ಮೇಡಂ," ಅಂದಳು, "ಇದು ನಂಗೆ ಖುಷಿ."

ಬೆಂಡೆಕಾಯಿ ಪರೀಕ್ಷೆ

ಅಮ್ಮನಿಗೆ ಓದಿ ಹೇಳಿ ನಾಳೆ ತಾ ಅಂತ ಕಳಿಸಿದೆ. ಮರುದಿನ ತರಲಿಲ್ಲ. ಅದರ ಮರುದಿನವೂ ತರಲಿಲ್ಲ. ನನಗೆ ತಡೆಯಲಾಗದೆ ಸಂಜೆ ಗಾಂಧಿ ಬಜಾರಿಗೇ ಹೋದೆ.

ಹೋಗಿ ನೋಡಿದರೆ ಪ್ರಬಂಧ ಅಮ್ಮನ ತರಕಾರಿ ಬುಟ್ಟಿಯ ಮೇಲಿದೆ. ಬಂದ ಗಿರಾಕಿಗಳೆಲ್ಲ ಓದಿ ಅಭಿಪ್ರಾಯ ಹೇಳುತ್ತಿದ್ದಾರೆ. ಹೂವಿನ ಪೊಟ್ಟಣ ಹಿಡಿದ ಒಬ್ಬಾಕೆ "ದೇವರ ಹೆಸರೇ ಇಲ್ವಲ್ಲ" ಅಂದು ಹೋದರು. ಇನ್ನೊಬ್ಬರು ಪ್ರಧಾನಿಗಳ ಒಂದು ಮಾತು ಸೇರಿಸಿದರೆ ತೂಕ ಬರುತ್ತದೆ ಅಂದರು. ಇದೆಲ್ಲಕ್ಕಿಂತ ಮುಖ್ಯವಾಗಿ ನಿವೃತ್ತ ಹೆಡ್‌ಮಾಸ್ಟರೊಬ್ಬರು ಬುಟ್ಟಿಯ ಮುಂದೆ ಬೀಡುಬಿಟ್ಟಿದ್ದರು. ಅವರ ಒಂದು ಕೈ ಬೆಂಡೆಕಾಯಿ ಆರಿಸುತ್ತಿತ್ತು. ಒಂದೊಂದರ ತುದಿಯನ್ನೂ ಚಟ್ ಚಟ್ ಎಂದು ಮುರಿದು, ಎಳೆಯದೋ ಬಲಿತದ್ದೋ ನೋಡಿ, ಮುಕ್ಕಾಲು ಪಾಲು ವಾಪಸ್ ಎಸೆಯುತ್ತಿದ್ದರು. ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು.

"ಬೆಳಿಗ್ಗೆ ನಾಲ್ಕಕ್ಕೆ ಏಳುತ್ತೇನೆ ಅಂತ ಬರೆದಿದೀಯಲ್ಲಮ್ಮ, ಇದೇನು ಹಾಲಿನವನ ಮಾತಾಯ್ತು. 'ಅರುಣೋದಯಕ್ಕೂ ಮುನ್ನವೇ ನಿದ್ರಾದೇವಿಯ ಮಡಿಲನ್ನು ತೊರೆದು' ಅಂತ ಹಾಕು." ಚಟ್. "'ಅಮ್ಮ ತರಕಾರಿ ಮಾರುತ್ತಾರೆ' ಬೇಡ. 'ಮಾತೆಯು ಕಾಯಕಜೀವಿಯಾಗಿದ್ದು' ಅಂತ ಮಾಡು." ಚಟ್ ಚಟ್.

ಹುಡುಗಿ ಹಿರಿಯರೆಂದು ತಲೆಯಾಡಿಸುತ್ತಿದ್ದಳು. ನಾನು ಮೂಗಿನ ತುದಿಯ ಸಿಟ್ಟನ್ನು ಹಿಡಿದುಕೊಂಡು ಬಾಯಿ ತೆಗೆಯಬೇಕು ಅನ್ನುವಷ್ಟರಲ್ಲಿ ಹುಡುಗಿಯ ತಾಯಿ ತಕ್ಕಡಿ ಕೆಳಗಿಟ್ಟರು. ಗಟ್ಟಿ ಹೆಂಗಸು. ಒಂದು ಮಾತಿಗೆ ಎರಡು ಮಾತು ಆಡುವವರಲ್ಲ.

"ಸ್ವಾಮಿ, ಬೆಂಡೇಕಾಯಿ ಮುರುದ್ರಿ, ಹೋಗ್ಲಿ ಅಂತ ಸುಮ್ಕಿದ್ದೆ. ನನ್ ಮಗ್ಳು ಬರ್ದಿದ್ನೂ ಮುರೀಬೇಡಿ. ಅರ್ಧ ಕೇಜಿ ಹಾಕ್ಲಾ?"

ಹೆಡ್‌ಮಾಸ್ಟರು ಪೆನ್ನು ಜೇಬಿಗೆ ಸೇರಿಸಿ ಒಂದು ಕೇಜಿ ತೆಗೆದುಕೊಂಡು ಹೋದರು.

ರಾಹುಕಾಲದ ಸರ್ವರ್

ಕೈಬರಹದ ಪ್ರಬಂಧವನ್ನು ಸ್ಕ್ಯಾನ್ ಮಾಡಿ ಟ್ರಸ್ಟಿನ ವೆಬ್‌ಸೈಟಿಗೆ ಹಾಕಬೇಕಿತ್ತು. ಮಂಗಳವಾರ ಸಂಜೆ ಐದಕ್ಕೆ ಕೊನೆ. ಕೆಂಪು ಗೀಟುಗಳಿಲ್ಲದ ಹೊಸ ಪ್ರತಿಯನ್ನು ಹುಡುಗಿ ಮಧ್ಯಾಹ್ನ ಒಂದಕ್ಕೇ ತಂದಳು. ಪರವಾಗಿಲ್ಲ, ನಾಲ್ಕು ಗಂಟೆ ಸಮಯವಿದೆ ಅಂತ ಜೀವಮಾನದಲ್ಲಿ ಮೊದಲ ಸಲ ನೆಮ್ಮದಿಯಿಂದ ಊಟದ ಡಬ್ಬಿ ತೆಗೆದೆ.

ಸ್ಕ್ಯಾನ್ ಮಾಡಿ ಹಾಕಿದರೆ, 'ದಾಖಲೆ ಸ್ಪಷ್ಟವಾಗಿಲ್ಲ' ಅಂತ ವಾಪಸ್ ಬಂತು. ಮತ್ತೆ ಹಾಕಿದೆ, ಮತ್ತೆ ಬಂತು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕು ಮೂಲೆಗೂ ಅರಿಶಿನ, ಅದರ ಮೇಲೆ ಕುಂಕುಮ. ಮದುವೆ ಪತ್ರಿಕೆಗೆ ಹಚ್ಚುವ ಹಾಗೆ ಹಚ್ಚಿ, ದೇವರ ಮುಂದಿಟ್ಟು, ಕೈಮುಗಿದು ಕಳಿಸಿದ್ದಾರೆ. ಕೊನೆಯ ಮೂಲೆಯಲ್ಲಿದ್ದ ಹುಡುಗಿಯ ಸಹಿ ಪೂರ್ತಿ ಮಂಗಳಮಯವಾಗಿತ್ತು.

"ಅಮ್ಮ ಶುಭ ಕಾಗದ ಅಂತ..." ಅಂದಳು.

ಡಬ್ಬಿ ಮುಚ್ಚಿಟ್ಟೆ. ಅವಳು ಕೂತು ಮತ್ತೆ ಬರೆದಳು. ಬರೆದು ಸ್ಕ್ಯಾನ್ ಮಾಡಿದಾಗ ಸರಿಯಾಗಿ ಮೂರು ಗಂಟೆ ಮೂರು ನಿಮಿಷ. ಬಟನ್ ಒತ್ತಲು ಬೆರಳು ಚಾಚಿದೆ. ಹುಡುಗಿಯ ಫೋನು ಹೊಡೆದುಕೊಂಡಿತು. ತಾಯಿ.

"ಕಳಿಸ್ಬುಟ್ರಾ? ಕಳಿಸ್ಬೇಡಿ ಅಂತ ಹೇಳವ್ವ ಮೇಡಮ್ಮಂಗೆ! ಮಂಗ್ಳವಾರ, ಮೂರ್ರಿಂದ ನಾಲ್ಕೂವರೆ ರಾಹುಕಾಲ!"

ನಾನು ವಿಜ್ಞಾನ ಓದಿಸುವವಳು. ರಾಹು ಕೇತು ನನ್ನ ಸಿಲಬಸ್ಸಿನಲ್ಲಿಲ್ಲ. ಒತ್ತಿಬಿಡುತ್ತೇನೆ ಅಂದೆ. ಹುಡುಗಿ ನನ್ನ ಮುಖ ನೋಡಿದಳು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಆ ತಾಯಿ ಜನ್ಮಪೂರ್ತಿ ನನ್ನ ಬೆರಳನ್ನೇ ನೆನೆಸಿಕೊಳ್ಳುತ್ತಾರಲ್ಲ ಅನ್ನಿಸಿತು. ಬೆರಳು ಹಿಂದಕ್ಕೆ ಬಂತು. ಒಂದೂವರೆ ಗಂಟೆ ಕಾರಿಡಾರಿನಲ್ಲಿ ನಾನು ಹಾಕಿದ ಸುತ್ತುಗಳನ್ನು ಲಾಲ್‌ಬಾಗಿನಲ್ಲಿ ಹಾಕಿದ್ದರೆ ಎಂಥವರ ಸಕ್ಕರೆ ಕಾಯಿಲೆಯೂ ವಾಸಿಯಾಗುತ್ತಿತ್ತು.

ನಾಲ್ಕು ಮೂವತ್ತೊಂದಕ್ಕೆ ಒತ್ತಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. 'ಸರ್ವರ್ ಬ್ಯುಸಿ.' ನಾಲ್ಕು ನಲವತ್ತು, ಬ್ಯುಸಿ. ನಾಲ್ಕು ನಲವತ್ತೈದು, ಬ್ಯುಸಿ. ಸಹಾಯವಾಣಿಗೆ ಫೋನ್ ಮಾಡಿ ಕೂಗಾಡಿದೆ. ಅತ್ತ ಕಡೆಯ ಹುಡುಗ ಬಹಳ ಶಾಂತವಾಗಿದ್ದ.

"ಒತ್ತುತ್ತಾ ಇರಿ ಮೇಡಂ, ಐದರೊಳಗೆ ಹೋಗುತ್ತೆ. ಮೂರರಿಂದ ನಾಲ್ಕೂವರೆ ತನಕ ಸೈಟು ಖಾಲಿ ಹೊಡೀತಿತ್ತು. ನಾಲ್ಕೂವರೆ ಆಗಿದ್ದೇ ತಡ, ಇಡೀ ಬೆಂಗಳೂರು ಒಟ್ಟಿಗೇ ಬಂದ್ಬಿಡ್ತು."

"ಯಾಕೆ ಹಾಗೆ?" ಅಂತ ನಾನು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ.

"ಮಂಗಳವಾರ ಅಲ್ವಾ ಮೇಡಂ," ಅಂದ.

ನಾಲ್ಕು ಐವತ್ತಾರಕ್ಕೆ ಹೋಯಿತು.

ಮನೆ ನೋಡಲು ಬಂದವರು

ಪ್ರಬಂಧ ಮೆಚ್ಚಿಗೆಯಾಯಿತು. ಕೊನೆಯ ಹಂತಕ್ಕೆ ಆಯ್ಕೆಯಾಗಿದೆ, ಬರೆದದ್ದು ನಿಜವೇ ಎಂದು ಪರಿಶೀಲಿಸಲು ಭಾನುವಾರ ಹತ್ತು ಗಂಟೆಗೆ ನಮ್ಮವರೊಬ್ಬರು ಮನೆಗೆ ಬರುತ್ತಾರೆ, ಕಾಲೇಜಿನವರೂ ಜೊತೆಗಿರಬೇಕು ಅಂತ ಟ್ರಸ್ಟಿನಿಂದ ಪತ್ರ ಬಂತು. ನಾನು ಹುಡುಗಿಯ ತಾಯಿಗೆ ಫೋನ್ ಮಾಡಿ, "ಭಾನುವಾರ ಮನೆ ನೋಡೋಕೆ ಬರ್ತಾರಮ್ಮ, ಸಿದ್ಧವಾಗಿರಿ" ಅಂದೆ. ಅಷ್ಟೇ ಅಂದಿದ್ದು. ಆ ಕೊನೆಯ ಪದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಭಾನುವಾರ ಮಾವಳ್ಳಿಯ ಆ ವಠಾರಕ್ಕೆ ಹೋಗಿ ಹೊಸ್ತಿಲು ದಾಟಿದವಳು ಹಾಗೇ ನಿಂತೆ. ಹತ್ತಡಿ ಕೋಣೆಯಲ್ಲಿ ಕೆಂಪು ಕುಶನ್ನಿನ ಎರಡು ಕುರ್ಚಿ. ಗೋಡೆಗೆ ದೊಡ್ಡ ಟೀವಿ. ಮೂಲೆಯಲ್ಲಿ ಫ್ರಿಡ್ಜು. ಕಿಟಕಿಗೆ ಜರಿ ಪರದೆ. ತಟ್ಟೆಯಲ್ಲಿ ಬೆಳ್ಳಿ ಲೋಟ. ತಾಯಿ ರೇಷ್ಮೆ ಸೀರೆಯಲ್ಲಿ ನಿಂತಿದ್ದಾರೆ. ಹುಡುಗಿ ಮೂಲೆಯಲ್ಲಿ ಅಳುವ ಮುಖ ಮಾಡಿಕೊಂಡಿದ್ದಾಳೆ.

"ಏನಮ್ಮ ಇದೆಲ್ಲ?"

"ಅಕ್ಕಪಕ್ಕದೋರ್ನ ಕೇಳಿ ಇಸ್ಕೊಂಡೆ. ದೊಡ್ಡೋರು ಮನೆ ನೋಡಕ್ಕೆ ಬತ್ತವ್ರೆ, ಚೆಂದಾಗಿ ಕಾಣ್ಬೇಡ್ವಾ? ಬರೀ ಗೋಡೆ ತೋರ್ಸಿದ್ರೆ, ಇಂಥೋರ್ಗೆ ಕೊಟ್ರೆ ಎಲ್ಲಿ ಹಾಳ್ ಮಾಡ್ತಾರೋ ಅನ್ಕಳಲ್ವಾ?"

ಹೆಣ್ಣು ನೋಡಲು ಬರುವವರಿಗೆ ಮಾಡುವ ತಯಾರಿಯನ್ನು ಅವರು ಚೂರೂ ಕಮ್ಮಿಯಿಲ್ಲದೆ ಮಾಡಿದ್ದರು. "ಬಡವರು ಅಂತ ಕಾಣಿಸಿದ್ರೇನೇ ಕೊಡೋದಮ್ಮ!" ಅಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು. "ದುಡ್ಕೊಂಡ್ ತಿನ್ನೋರ್ನ ಬಡವ್ರು ಅನ್ಬೇಡಿ ಮೇಡಮ್ಮ." ಸಾಮಾನೆಲ್ಲ ವಾಪಸ್ ಸಾಗಿಸೋಣ ಎಂದರೆ ಸಾಗಿಸಿದವರೆಲ್ಲ ಮಾರ್ಕೆಟ್ಟಿಗೆ, ದೇವಸ್ಥಾನಕ್ಕೆ ಹೋಗಿದ್ದರು. ಹತ್ತಾಯಿತು, ಹನ್ನೊಂದಾಯಿತು, ಟ್ರಸ್ಟಿನವರ ಸುಳಿವಿಲ್ಲ. ನಾನು ವಠಾರದ ಬಾಗಿಲಿಗೂ ನಲ್ಲಿಗೂ ನಡುವೆ ಓಡಾಡಿ ಓಡಾಡಿ ಸುಸ್ತಾದೆ.

ಹನ್ನೆರಡು ದಾಟಿದ ಮೇಲೆ ಬಂದರು. ಅರವತ್ತು ದಾಟಿದ ಮನುಷ್ಯ, ಕಂಕುಳಲ್ಲಿ ಫೈಲು. ಮೆಜೆಸ್ಟಿಕ್ಕಿನಲ್ಲಿ ತಪ್ಪು ಬಸ್ಸು ಹತ್ತಿದೆ ಅಂತ ಕ್ಷಮೆ ಕೇಳಿ ಕೆಂಪು ಕುಶನ್ನಿನ ಮೇಲೆ ಕೂತರು. ನಾನೂ ಕಾಲು ಸೋತು ಇನ್ನೊಂದರಲ್ಲಿ ಕೂತೆ. ತಾಯಿ ಬೆಳ್ಳಿ ಲೋಟದಲ್ಲಿ ಹಬೆಯಾಡುವ ಕಾಫಿ ತಂದಿಟ್ಟರು. ಟ್ರಸ್ಟಿನವರು ಫೈಲು ಬಿಚ್ಚಿ ಗಟ್ಟಿಯಾಗಿ ಓದಿದರು.

"'ನಮ್ಮದು ಒಂದೇ ಕೋಣೆ. ಕುರ್ಚಿ ಮೇಜು ಇಲ್ಲ. ನಾನು ಹೊಸ್ತಿಲ ಮೇಲೆ ಕೂತು ಓದುತ್ತೇನೆ.'" ತಾವು ಕೂತ ಕುರ್ಚಿ ನೋಡಿದರು. ಟೀವಿ ನೋಡಿದರು. "ಅಲ್ಲಮ್ಮ, ಈ ಪ್ರಬಂಧ ಸುಳ್ಳೋ, ಈ ಮನೆ ಸುಳ್ಳೋ?"

ಹುಡುಗಿ ಅಮ್ಮನ ಕಡೆ ನೋಡಿದಳು. ನಿಜ ಹೇಳಿದರೆ ಬಂದ ಅತಿಥಿಯ ಮುಂದೆ ಅಮ್ಮನ ಮಾನ ಹೋಗುತ್ತದೆ, ಹೇಳದಿದ್ದರೆ ಎಂ.ಎಸ್ಸಿ. ಹೋಗುತ್ತದೆ. ನಾನು ಬಾಯಿ ತೆಗೆಯುವ ಮುಂಚೆ ತಾಯಿಯೇ ಹೇಳಿಬಿಟ್ಟರು.

"ಎಲ್ಲಾ ನಮ್ದೇ ಸಾರ್."

ಟ್ರಸ್ಟಿನವರು ಬೇಸರದಿಂದ ಪೆನ್ನಿನ ಕ್ಯಾಪು ತೆಗೆದರು.

ಅಷ್ಟರಲ್ಲಿ ಎದುರು ಮನೆಯ ಹೆಂಗಸು ಸದ್ದಿಲ್ಲದೆ ಒಳಗೆ ಬಂದು, ಫ್ರಿಡ್ಜಿನ ಬಾಗಿಲು ತೆಗೆದು, ದೋಸೆ ಹಿಟ್ಟಿನ ಪಾತ್ರೆ ಎತ್ತಿಕೊಂಡು ಹೊರಟರು. ಟ್ರಸ್ಟಿನವರು ನೋಡುತ್ತಿರುವುದು ಕಂಡು, "ಮಕ್ಳು ಹಸ್ಕೊಂಡವ್ರೆ, ನೀವು ಮಾತಾಡಿ" ಅಂದರು.

ಪೆನ್ನು ನಿಂತಿತು.

ಹಿಂದೆಯೇ ಮೂಲೆ ಮನೆಯ ಟೈಲರು ಬಂದರು. "ಅಕ್ಕಾ, ಹನ್ನೊಂದಕ್ಕೆ ಮುಗ್ಯುತ್ತೆ ಅಂದಿದ್ರಿ. ಗಿರಾಕಿ ಬಂದು ನಿಂತವ್ರೆ." ಅವರು ನನ್ನ ಕುರ್ಚಿಯ ಬೆನ್ನು ಹಿಡಿದರು. ನಾನು ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಎದ್ದಿದ್ದಿಲ್ಲ. ಆಮೇಲೆ ಮಹಡಿಯ ಮನೆಯ ಅಪ್ಪ ಮಗ ಬಂದು, "ಮ್ಯಾಚ್ ಶುರುವಾಯ್ತು ಆಂಟಿ" ಅಂತ ಟೀವಿ ಬಿಚ್ಚಿ ಹೊತ್ತುಕೊಂಡು ಹೋದರು. ಪರದೆಯವರು ಬಂದರು, ಕಿಟಕಿ ಬಯಲಾಯಿತು. ಎದುರು ಮನೆಯ ಹೆಂಗಸು ಗಂಡನನ್ನು ಕರೆದುಕೊಂಡು ಬಂದು, ಹೇಗೂ ಹಿಟ್ಟು ತಗೊಂಡಾಯ್ತಲ್ಲ ಅಂತ ಫ್ರಿಡ್ಜನ್ನೂ ತಳ್ಳಿಕೊಂಡು ಹೋದರು. ತಾಯಿ ಗೋಡೆಗೆ ಆತು ನಿಂತು ನೆಲ ನೋಡುತ್ತಿದ್ದರು. ಅವರ ಮುಖ ನೋಡಿ ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು.

ಟೈಲರು ಮತ್ತೆ ಬಂದರು. ಟ್ರಸ್ಟಿನವರ ಮುಂದೆ ಬಗ್ಗಿ ಬಹಳ ಮರ್ಯಾದೆಯಿಂದ, "ಸಾರ್, ಗಿರಾಕಿ ಇಬ್ಬರಿದಾರೆ. ಒಂಚೂರು ಏಳ್ತೀರಾ?" ಅಂದರು.

ಅವರು ಒಂದು ಕೈಯಲ್ಲಿ ಫೈಲು, ಒಂದು ಕೈಯಲ್ಲಿ ಲೋಟ ಹಿಡಿದು ಎದ್ದು ನಿಂತರು. ಕೆಂಪು ಕುಶನ್ನು ಹೊರಗೆ ಹೋಯಿತು. ಕೋಣೆಯಲ್ಲಿ ಉಳಿದದ್ದು ಒಲೆ, ಸುತ್ತಿಟ್ಟ ಚಾಪೆ, ಗೋಡೆಯ ಗೂಡಿನಲ್ಲಿ ಒತ್ತಾಗಿ ಜೋಡಿಸಿದ ನೋಟ್‌ಬುಕ್ಕುಗಳು. ಅವರು ಸುತ್ತ ಒಮ್ಮೆ ನೋಡಿ ಹುಡುಗಿಯನ್ನು ಕೇಳಿದರು.

"ನೀನು ಬರೆದ ಮನೆ ಇದೇನಾಮ್ಮ?"

"ಈಗ ಇದೇ ಸಾರ್."

ಅವರು ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ನಿಂತೇ ಬರೆದರು. ನಾನು ಅವರ ಭುಜದ ಮೇಲಿಂದ ಬಗ್ಗಿ ನೋಡಿದೆ, ನಾಚಿಕೆಪಡಲಿಲ್ಲ. 'ಬರೆದದ್ದೆಲ್ಲ ನಿಜ. ಕೊಡತಕ್ಕದ್ದು.' ಹುಡುಗಿಯೂ ಓದಿದಳು. ಓದಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಬಿಡಲೇ ಇಲ್ಲ.

ಆಗ ಅವರಿಗೆ ತಮ್ಮ ಕೈಯಲ್ಲಿದ್ದ ಬೆಳ್ಳಿ ಲೋಟ ನೆನಪಾಯಿತು. ಬಾಗಿಲ ಕಡೆ ನೋಡಿದರು. ಅಲ್ಲಿ ವಠಾರದ ಓನರ್ ಆಂಟಿ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ಪಾಪ, ಕುಡಿಯುವುದೋ ಹಾಗೇ ಕೊಡುವುದೋ ತಿಳಿಯದೆ ಆ ಹಿರಿಯರು ಹುಡುಗಿಯ ತಾಯಿಯ ಕಡೆ ತಿರುಗಿದರು.

ತಾಯಿ ತಲೆ ಎತ್ತಿದರು. ಸೆರಗು ಸರಿಮಾಡಿಕೊಂಡು ಓನರ್ ಆಂಟಿಗೂ ಕೇಳುವ ಹಾಗೆ ಹೇಳಿದರು.

"ಲೋಟ ಅವ್ರದ್ದು ಸಾರ್. ಕಾಫಿ ನಮ್ದು. ನಿಧಾನವಾಗಿ ಕುಡೀರಿ."